ನಮ್ಮ ತೊಟ್ಟಿಯ ಕೆಂಪು ತುಕ್ಕಿನವರಿಗೆ

ಮಾನ್ಯರಾದ ತುಕ್ಕಿನವರೇ,

ಪಂಚನಹಳ್ಳಿಯ ದಾಕ್ಷಾಯಣಮ್ಮ ಮಾಡುವ ಶರಣು ಶರಣಾರ್ಥಿ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು, ಅಕ್ಷರ ವಾಲಿದ್ದರೆ ಮನ್ನಿಸಬೇಕು. ತಾವು ನಮ್ಮ ಬೋರ್‌ವೆಲ್ ನೀರಿನಲ್ಲಿ ಕಣ್ಣಿಗೆ ಕಾಣದ ಹಾಗೆ ಬಂದು, ಗಾಳಿ ಸೋಕಿದ ಮೇಲೆ ಕೆಂಪಗಾಗಿ ತೊಟ್ಟಿಯ ತಳದಲ್ಲಿ ಕೂತು, ಹನ್ನೆರಡು ವರ್ಷದಿಂದ ನಮ್ಮ ಬಿಳಿ ಬಟ್ಟೆಗೆಲ್ಲ ಪುಕ್ಕಟೆ ಕಾವಿ ಬಣ್ಣ ಹಾಕಿಕೊಟ್ಟಿದ್ದೀರಿ. ನಮ್ಮ ಮನೆಯನ್ನು ಮಠ ಅಂದುಕೊಂಡು ಯಾರೂ ಪಾದಪೂಜೆಗೆ ಬರದೇ ಇದ್ದದ್ದೇ ಪುಣ್ಯ.

ಈಗ ದೂರು. ಮೊಮ್ಮಗಳು ಕೃತಿಕಾ ಏಳು ತಿಂಗಳ ಬಸುರಿ, ಬರುವ ಶುಕ್ರವಾರ ಸೀಮಂತ. ಬಂದವರು ತೊಟ್ಟಿ ನೋಡಿ ಮೂಗು ಮುರಿಯಬಾರದೆಂದು, ಹಿತ್ತಾಳೆ ಬಿಂದಿಗೆಗೆ ಮಾಡುವ ಮರ್ಯಾದೆಯನ್ನೇ ತಮಗೂ ಮಾಡಿದೆ: ಎರಡು ಸೇರು ಹುಣಸೆಹಣ್ಣು ಕಿವುಚಿ ಸುರಿದು, ಮುಚ್ಚಳ ಹಾಕಿ, ಎರಡು ದಿನ ನೆನೆಸಿ ಉಜ್ಜಿದೆ. ತಳದ ರಾಡಿಯನ್ನು ಪೂರ್ತಿ ಬಳಿಯದೆ ಅದರ ಮೇಲೆಯೇ ನೀರು ಬಿಟ್ಟದ್ದು ನನ್ನ ಸೊಂಟದ ತಪ್ಪು. ನೀರೋ, ಕನ್ನಡಿ! ಕೃತಿಕಾ ಒಂದು ಗುಟುಕು ಬಾಯಿಗಿಟ್ಟು, ಥೂ, ಹುಳಿ ಕಣಜ್ಜಿ ಅಂತ ಉಗಿದಳು.

ನೀರು ಪರೀಕ್ಷೆ ಮಾಡುವ ಸಿದ್ದಲಿಂಗೇಶ್ ಅದನ್ನು ಬಾಟಲಿಯಲ್ಲಿ ಒಯ್ದು, ಮುಖ ಸಣ್ಣ ಮಾಡಿಕೊಂಡು ವಾಪಸ್ ಬಂದ. ಹೋದ ವರ್ಷ ಕೆಂಪು ತೊಟ್ಟಿಯ ನೀರಲ್ಲಿ ಇಲ್ಲದ ಸೀಸ, ಹೊಟ್ಟೆಯ ಕೂಸಿಗೆ ವಿಷವಾದ ಲೋಹ, ಈ ಕನ್ನಡಿ ನೀರಲ್ಲಿ ಇದೆಯಂತೆ. ಅಜ್ಜೀ, ಬೋರಿಂದ ಬರೋ ಸೀಸಾನೆಲ್ಲ ಆ ತುಕ್ಕೇ ಮೈಗೆ ಅಂಟಿಸ್ಕೊಂಡು ಕೂತಿತ್ತು, ನೀವು ಹುಳಿ ಹುಯ್ದು ಅದನ್ನೇ ಕರಗಿಸಿದ್ರಿ, ಹಿಡಿದಿದ್ದನ್ನೆಲ್ಲ ಬಿಟ್‌ಬಿಡ್ತು ಅಂದ.

ಅಲ್ಲ ಸ್ವಾಮಿ, ಇಷ್ಟು ದೊಡ್ಡ ಉದ್ಯೋಗದಲ್ಲಿದ್ದವರು ಒಂದು ಮಾತು ಹೇಳಬಾರದಿತ್ತೇ? ಹನ್ನೆರಡು ವರ್ಷ ನನ್ನ ಬೈಗುಳಕ್ಕೆ ಅಲುಗದವರು ಎರಡು ಸೇರು ಹುಣಸೆಗೆ ಕೈ ಸಡಿಲಿಸುವುದೇ?

ತೊಟ್ಟಿಯನ್ನು ಬಳಿದು, ಮೂರು ಸಲ ತೊಳೆಸಿ, ಹೊಸ ನೀರು ತುಂಬಿ, ತಮಗೆ ಗಾಳಿ ಸೋಕಲೆಂದು ಮುಚ್ಚಳ ತೆಗೆದಿಟ್ಟಿದ್ದೇನೆ. ಕೃತಿಕಾಳ ಗಂಡ ತಿಪ್ಪೇಶ ಎರಡು ಮೈಲಿಯಾಚೆಯ ಶುದ್ಧ ನೀರಿನ ಘಟಕದಿಂದ ಸ್ಕೂಟರಿನಲ್ಲಿ ಕ್ಯಾನು ತರುತ್ತಿದ್ದಾನೆ. ದಿನಕ್ಕೆ ಹತ್ತು ಸಲ ಟಾರ್ಚು ಬಿಟ್ಟು ತಮ್ಮ ಕೆಂಪು ಕಂಡೀತೇ ಎಂದು ಬಗ್ಗುತ್ತೇನೆ. ದಯಮಾಡಿ ಶುಕ್ರವಾರದೊಳಗೆ ಅಂಗೈ ದಪ್ಪ ಬೆಳೆಯಬೇಕು. ಬೆಳೆದರೂ, ಸಿದ್ದಲಿಂಗೇಶ್ ಇನ್ನೊಮ್ಮೆ ನೋಡಿ ಸರಿ ಅನ್ನುವ ತನಕ ನಮ್ಮ ಹುಡುಗಿಗೆ ಈ ತೊಟ್ಟಿಯ ಹನಿಯನ್ನೂ ಮುಟ್ಟಿಸುವುದಿಲ್ಲ, ಬೇಸರ ಮಾಡಿಕೊಳ್ಳಬಾರದು.

ತಮ್ಮ ಕೆಂಪಿಗೆ ತಡವಾಗಿ ತಲೆಬಾಗಿದ,
ತಮ್ಮ ವಿಶ್ವಾಸಿ,
ದಾಕ್ಷಾಯಣಮ್ಮ

ವಿ.ಸೂ.: ಹಿಡಿದದ್ದನ್ನು ಬಿಡದಿರುವ ವಿದ್ಯೆ ಬೇಕಿದ್ದರೆ ತರೀಕೆರೆಯ ನನ್ನ ಓರಗಿತ್ತಿ ತೀರ್ಥಮ್ಮನ ಹತ್ತಿರ ನಾಲ್ಕು ದಿನ ಇದ್ದು ಬನ್ನಿ. ಅವಳ ಸೌಟು ನಾನು ಹಿಂದಿರುಗಿಸಲಿಲ್ಲವೆಂಬ ಮಾತನ್ನು ನಲವತ್ತು ವರ್ಷದಿಂದ ಹಿಡಿದಿದ್ದಾಳೆ, ಯಾವುದಕ್ಕೂ ಜಗ್ಗಿಲ್ಲ. ಸೌಟು ನನ್ನ ಹತ್ತಿರವೇ ಇದೆ.