ಸೈಕಲ್ಲಿಗೆ ಎಂತಕ್ಕೆ ಮೀಟರು?

ಸೈಕಲ್ ಹತ್ತಿದ್ರೆ ಸಾಕು, ನನಗೆ ದಿನಕ್ಕೊಂದು ಫಜೀತಿ ಇದ್ದದ್ದೇ. ಆದ್ರೆ ಮೀಟರ್ ಹಾಕಿಸಿದ ಆ ಒಂದು ವಾರ ಇತ್ತಲ್ಲ, ಅಬಾಬಾ! ತೊಂಬತ್ತನೇ ಇಸವಿಯ ಆಚೀಚೆ ಮಾತು. ಗೋವಾದಲ್ಲಿ ಕೆಲಸ ಮಾಡೂ ಮಾಜಾಳಿ ಊರಿನ ದೋಸ್ತ ತಂದುಕೊಟ್ಟದ್ದು. ಸ್ಪೀಡಿಗೊಂದು ಮುಳ್ಳು, ಕಿಲೋಮೀಟರಿಗೆ ತಿರುಗೂ ಅಂಕಿ! ರೇಟು ಕೇಳಿ ಅಪ್ಪ ಹಾರಿಬಿದ್ದ.

"ಇಷ್ಟಕ್ಕೆ ಅರ್ಧ ಸೈಕಲ್ ಬರ್ತಿತ್ತಲ್ಲೋ! ಆಯ್ತವಾರ ಆ ದೋಸ್ತ ಬರೂದ್ರೊಳಗೆ ಇದರಿಂದ ಮನೆಗೆ ಎಂತಾದ್ರೂ ಉಪಯೋಗ ತೋರಿಸು. ಇಲ್ದಿದ್ರೆ ಬಿಚ್ಚಿ ವಾಪಸ್ ಕೊಡು."

ರಿಪೇರಿ ಅಂಗಡಿಯಲ್ಲಿ

ಸೈಕಲ್ ರಿಪೇರಿಯವ ಮೀಟರನ್ನ ಹಿಂದೆ ಮುಂದೆ ತಿರುಗಿಸಿ ನೋಡ್ದ.

"ಇದು ಹಾಕಿದ್ರೆ ಸೈಕಲ್ ಜೋರು ಹೋಗ್ತದಾ?"

"ಇಲ್ಲ."

"ಪೆಡ್ಲ್ ತುಳಿಯೂದು ಕಡಿಮೆ ಆಗ್ತದಾ?"

"ಇಲ್ಲ ಮಾರಾಯಾ, ಎಷ್ಟು ಜೋರು ಹೋಗ್ತೆ ಅಂತ ಗೊತ್ತಾಗ್ತದೆ!"

"ಅದು ನಿನ್ನ ದಮ್ಮು ಕೇಳಿದ್ರೆ ಊರಿಗೇ ಗೊತ್ತಾಗ್ತದಲ್ಲ!"

ಸದಾಶಿವಗಡದ ಇಳಿಜಾರಲ್ಲಿ

ಬಿಟ್ಟೆ ನೋಡಿ ಇಳಿಜಾರಲ್ಲಿ! ಕಣ್ಣು ರಸ್ತೆ ಮೇಲಿಲ್ಲ, ಮುಳ್ಳಿನ ಮೇಲೆ. ಇಪ್ಪತ್ತು... ಇಪ್ಪತ್ತೈದು... ಖುಷಿ ತಡೀಲಿಕ್ಕಾಗದೆ ಕೂಗೇಬಿಟ್ಟೆ, "ಮೂವತ್ತು! ಮೂವತ್ತು!" ತಲೆ ಎತ್ತಿದ್ರೆ ಎದುರಿಗೇ ಮೀನು ಮಾರೂ ಹೆಂಗಸು, ಅವಳ ಬುಟ್ಟಿ! ಬ್ರೇಕ್ ಒತ್ತಿದೆ, ಬುಟ್ಟಿಗೆ ಗೇಣು ದೂರದಲ್ಲಿ ನಿಂತೆ. ಬೈಗಳ ಬಂತು ಅಂತ ಕಾಯ್ತಿದ್ರೆ, ಅವಳು ಬಂಗಡೆ ಮೀನನ್ನ ಎಲೆಯಲ್ಲಿ ಕಟ್ತಿದ್ದಾಳೆ!

"ನಾ ಇಪ್ಪತ್ತೇ ಹೇಳ್ತಿದ್ದೆ. ನೀನೇ ಮೂವತ್ತು ಅಂದ್ಯಲ್ಲೋ ತಮಾ, ತಕೋ!"

ಅಂಕೋಲಾಕ್ಕೆ ಅಪ್ಪ

ಶನಿವಾರ ಅಪ್ಪನಿಗೆ ಅಂಕೋಲಾದಲ್ಲಿ ಕೆಲಸ. "ನಾವೆಲ್ಲ ಮೀಟರ್ ಇಲ್ದೇ ಹೋಗಿ ಬರ್ತಿದ್ದವರು" ಅಂತ ನನ್ನ ಸೈಕಲ್ಲನ್ನೇ ತಕಂಡು ಹೊರಟ. ಕತ್ತಲಾಗೂ ಹೊತ್ತಿಗೆ ಮೀಸೆ ತಿರುವುತ್ತಾ ಬಂದ.

"ಹೋದದ್ದೂ ಸೈಕಲ್ಲು, ಬಂದದ್ದೂ ಸೈಕಲ್ಲು!"

ನಾ ಓಡಿಹೋಗಿ ಮೀಟರ್ ನೋಡ್ದೆ. ಅಂಕೋಲಾಕ್ಕೆ ಹೋಗಿ ಬಂದ್ರೆ ಎಪ್ಪತ್ತರ ಹತ್ತಿರ ಆಗ್ಬೇಕು. "ಅಪ್ಪಾ, ಬೆಳಿಗ್ಗೆಗಿಂತ ನೂರಾ ಹತ್ತು ಜಾಸ್ತಿ ಉಂಟು!"

ಒಳಗಿಂದ ನಮ್ಮಮ್ಮ, ಆಯಿ, ಸೌಟು ಹಿಡ್ಕಂಡೇ ಬಂದ್ಲು. "ನೂರಾ ಹತ್ತಾ? ಅಂಕೋಲಾ ಅಂತ ಹೇಳಿ ಗೋವಾಕ್ಕೆ ಕುಡೀಲಿಕ್ಕೆ ಹೋದ್ರಾ? ಬಾಯಿ ತೆಗೀರಿ, ವಾಸನೆ ನೋಡ್ತೆ!"

ನೋಡಿದ್ಲು. ಬರೀ ಚಾ.

"ಹಾಗಾದ್ರೆ ಇದು ಎಲ್ಲಿಯ ಲೆಕ್ಕ?"

ಅಪ್ಪನ ಮೀಸೆ ಇಳಿದೇ ಹೋಯ್ತು. "ಬರುವಾಗ ಕಾಲು ಹಿಡ್ಕಂತು ಮಾರಾಯ್ತಿ. ಸೈಕಲ್ಲನ್ನ ಬಸ್ಸಿನ ಟಾಪಿಗೆ ಹಾಕ್ಸಿದೆ. ಮೇಲೆ ಗಾಲಿ ಗಾಳಿಗೆ ತಿರುಗಿರ್ಬೇಕು."

"ಬಸ್ಸಾದ್ರೂ ಇಷ್ಟು ದೂರ ಎಂತಕ್ಕಾಯ್ತು?"

ಅಪ್ಪ ಗೋಡೆ ನೋಡ್ದ. "ನಿದ್ದೆ ಬಂದಿತ್ತು. ಎಚ್ಚರಾಗುವಾಗ ಬಸ್ಸು ನಮ್ಮೂರು ದಾಟಿ ಗೋವಾದಲ್ಲಿತ್ತು."

ಆಯ್ತವಾರ ಮಾಜಾಳಿ ದೋಸ್ತ ಬಂದ. "ಮೀಟರ್ ವಾಪಸ್ಸಾ?" ಅಂದ. ಅಪ್ಪ ಬಾಯಿ ತೆಗೆಯೂಕೆ ಮುಂಚೆ ಆಯಿ ಅಡ್ಡ ನಿಂತ್ಲು.

"ವಾಪಸ್ಸಿಲ್ಲ! ಇಷ್ಟು ಉಪಯೋಗದ ಸಾಮಾನು ಈ ಮನೆಗೆ ಬಂದೇ ಇರ್ಲಿಲ್ಲ. ಸೈಕಲ್ಲಿಗಾಯ್ತು ತಮಾ, ಗಂಡಸ್ರ ಕಾಲಿಗೆ ಕಟ್ಟೂದು ಗೋವಾದಲ್ಲಿ ಸಿಗ್ತದಾ?"