ಜೇಬಿನಲ್ಲಿಟ್ಟುಕೊಂಡ ದನಿ

ಗುಮಾಸ್ತರ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಆದರೂ ಪುಣ್ಯಾತ್ಗಿತ್ತಿ ದಿನಾ ಬೆಳಿಗ್ಗೆ ಗಂಡನನ್ನು ಗದರುವುದನ್ನು ಬಿಟ್ಟಿರಲಿಲ್ಲ. ಮನೆಯ ಕಂಪ್ಯೂಟರ್ ಆನ್ ಆದೊಡನೆ ಕೇಳಲಿ ಎಂದು ಬದುಕಿದ್ದಾಗಲೇ ತಮಾಷೆಗೆ ತನ್ನ ದನಿ ಹಾಕಿಟ್ಟಿದ್ದಳು: "ರೀ, ಕನ್ನಡಕ ತಲೆ ಮೇಲಿದೆ ನೋಡಿ!"

ಆ ಕಂಪ್ಯೂಟರ್ ಮುದಿ ಎತ್ತಿನಂತೆ ಮುಗ್ಗರಿಸತೊಡಗಿದಾಗ ಭಾಮೈದ ಬೆಂಕಿಪೊಟ್ಟಣದಷ್ಟಿದ್ದ ಎಸ್‌ಎಸ್‌ಡಿ ಎಂಬ ಮಾಹಿತಿ ಕೂಡಿಡುವ ಡಬ್ಬಿಯೊಂದನ್ನು ತಂದು ಸಿಕ್ಕಿಸಿದ. "ಭಾವ, ಇನ್ಮೇಲೆ ಇಡೀ ಸಿಸ್ಟಮ್ ಇದರಿಂದ್ಲೇ ಓಡತ್ತೆ. ಯಾವ ಕಂಪ್ಯೂಟರಿಗೆ ಚುಚ್ಚಿದ್ರೂ ಅದು ನಿಮ್ದೇ. ಓಡ್ತಿರೋವಾಗ ಮಾತ್ರ ಕೀಳ್ಬೇಡಿ, ಕೆಟ್ಟುಹೋಗತ್ತೆ."

ಮರುದಿನವೂ ಗದರಿಕೆ ಕೇಳಿತು. ಹೆಂಡತಿಯೂ ಡಬ್ಬಿಯೊಳಗೇ ಬಂದು ಕೂತಳೆಂದು ಗುಮಾಸ್ತರು ನಂಬಿಬಿಟ್ಟರು. ಒಂದು ದಿನ ಬೆಳಿಗ್ಗೆ ಭಾಮೈದ ಹಳೆಯ ಕಂಪ್ಯೂಟರ್ ಕೇಳಿದಾಗ "ಏನು ಬೇಕಾದ್ರೂ ಮಾಡ್ಕೋಪ್ಪಾ" ಎಂದು ಕೊಟ್ಟು, ಡಬ್ಬಿಯನ್ನು ಎದೆಯ ಜೇಬಿಗಿಳಿಸಿ ಆಫೀಸಿಗೆ ಹೋದರು.

ಆಫೀಸಿನ ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ಒಳ್ಳೆಯದೇ ಆಯಿತು, ಗಂಡಹೆಂಡಿರ ಮಾತು ನಾಲ್ಕು ಜನ ಯಾಕೆ ಕೇಳಬೇಕು ಅಂದುಕೊಂಡು ಡಬ್ಬಿ ಚುಚ್ಚಿದರು.

"ಸಾರ್, ಈ ಬಾಲ ಕಿತ್ತು ನನ್ನ ಫೋನ್ ಚುಚ್ಲಾ?" ಟೈಪಿಸ್ಟಮ್ಮನ ಕೈ ಆಗಲೇ ವೈರಿನ ಮೇಲಿತ್ತು.

"ಅಯ್ಯಯ್ಯೋ, ಮುಟ್ಬೇಡಿಯಮ್ಮಾ!" ಎಂದು ಚೀರಿ ಗುಮಾಸ್ತರು ಡಬ್ಬಿಯ ಮೇಲೆ ಕೈಯಿಟ್ಟವರು ಮತ್ತೆ ತೆಗೆಯಲಿಲ್ಲ. ಊಟಕ್ಕೂ ಏಳಲಿಲ್ಲ.

"ಏನ್ರೀ, ಮೊಟ್ಟೆಗೆ ಕಾವು ಕೂತಿದ್ದೀರಾ?" ಎಂದ ಕ್ಯಾಷಿಯರ್. ಆಫೀಸೆಲ್ಲ ನಕ್ಕಿತು.

ಮ್ಯಾನೇಜರ್ ಮೂರು ಸಲ ಕರೆಸಿದರು. ಹೋಗಲಿಲ್ಲ. ನಾಲ್ಕನೆಯ ಸಲ ಮೆಮೊ ಬಂತು. ಅದಕ್ಕೂ ಎಡಗೈಯಲ್ಲೇ ಸಹಿ ಹಾಕಿದರು, ಬಲಗೈ ಡಬ್ಬಿಯ ಮೇಲಿತ್ತಲ್ಲ! ಐದು ಗಂಟೆಗೆ ಕ್ರಮವಾಗಿ ಆಫ್ ಮಾಡಿ, ಡಬ್ಬಿಯನ್ನು ಜೇಬಿಗೆ ಸೇರಿಸಿ, ಗೆದ್ದವರಂತೆ ಮನೆಗೆ ನಡೆದರು.

ಮನೆಯ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಇಟ್ಟುಕೊಂಡು ಭಾಮೈದ ಕಾಯುತ್ತಿದ್ದ. "ನಿಮಗೇ ಭಾವ, ಚುಚ್ಚಿ!"

ಚುಚ್ಚಿದರು. ಪರದೆ ಬೆಳಗಿತು. ಸದ್ದಿಲ್ಲ.

"ನಿಮ್ಮಕ್ಕ ಎಲ್ಲಪ್ಪಾ?"

"ಡಬ್ಬೀಲಿ ಸಿಸ್ಟಮ್ ಮಾತ್ರ ಇರೋದು ಭಾವ. ದನಿ ಹಳೇ ಕಂಪ್ಯೂಟರಿನ ಒಳಗೇ ಇತ್ತು, ಇದು ಅಲ್ಲಿಂದ ತಗೊಂಡು ಕೇಳಿಸ್ತಿತ್ತು."

"ಆ ಕಂಪ್ಯೂಟರು?"

"ಮಧ್ಯಾಹ್ನಾನೇ ಎಲ್ಲಾ ಅಳಿಸಿ ಅಂಗಡಿಗೆ ಕೊಟ್ಟು, ಇದನ್ನ..." ತಾನು ಅಳಿಸಿದ್ದು ಏನೆಂದು ಆಗ ಹೊಳೆದು ಭಾಮೈದನ ಮುಖ ಬಿಳಿಚಿಕೊಂಡಿತು. "ಭಾವ, ನಂಗೆ ನೆನಪೇ ಆಗ್ಲಿಲ್ಲ."

ಗುಮಾಸ್ತರಿಗೆ ಹೆಂಡತಿ ಎರಡನೇ ಸಲ ಸತ್ತಂತಾಯಿತು. ಕಣ್ಣು ಮಂಜಾಗಿ, ಕನ್ನಡಕಕ್ಕಾಗಿ ಮೇಜಿನ ಮೇಲೆಲ್ಲ ತಡಕಾಡಿದರು.

ಅದು ತಲೆಯ ಮೇಲೆ ಇತ್ತು. ಹಾಗೆಂದು ಗದರುವ ದನಿ ಮಾತ್ರ ಇರಲಿಲ್ಲ.