ಅಂದಾನಯ್ಯನ ಸ್ವಂತ ಕರೆಂಟು

"ಎಮ್ಮೆ ಮಾರಿ ಚಕ್ರ ಮಾಡ್ಸವ್ನೆ ನನ್ ಗಂಡ! ಅದೇನ್ ಹಾಲು ಕೊಡ್ತದಾ? ಕರ್ಕೋ ನೋಡಾನ!" ಲಕ್ಷ್ಮಿದೇವಮ್ಮ ಖಾಲಿ ಚೊಂಬನ್ನು ಕೊಟ್ಟಿಗೆಯ ಬಾಗಿಲಿಗೆ ಬೀಸಿ ಎಸೆದಳು.

"ಬಾಯ್ಮುಚ್ಚಮ್ಮಿ!" ಗಂಡ ಅಂದಾನಯ್ಯ ಗದರಿದ. "ಸಂಜೆ ಆಫೀಸರು ಬತ್ತಾವ್ರೆ. ಬಲ್ಬು ಉರಿಯೋದ ಕಣ್ಣಾರೆ ನೋಡಿ ಸೈನ್ ಹಾಕುದ್ರೆ ಸಬ್ಸಿಡಿ ಬತ್ತದೆ, ಎಮ್ಮೆನೂ ಬತ್ತದೆ."

"ಬರ್ನಿಲ್ಲ ಅಂದ್ರೆ ನಾನು ನಾಗಮಂಗಲದ ಬಸ್ ಹತ್ತೋಳೇ. ನಮ್ಮಪ್ಪನ ಮನೇಲಿ ನಾಕು ಎಮ್ಮೆ ಅವೆ!"

ಸ್ವಂತ ಕರೆಂಟು ತಯಾರಿಸಿದವರಿಗೆ ಸರ್ಕಾರ ಅರ್ಧ ಖರ್ಚು ಕೊಡುತ್ತದೆಂದು ಪಾಂಡವಪುರದಲ್ಲಿ ಕೇಳಿ ಬಂದ ದಿನದಿಂದ ಅಂದಾನಯ್ಯನ ಕಾಲು ನೆಲದ ಮೇಲಿರಲಿಲ್ಲ. ಹಿತ್ತಿಲ ನಾಲೆಗೆ ಮರದ ಚಕ್ರ ಕೂರಿಸಿ, ಹಳೇ ಲಾರಿಯ ಡೈನಮೋ ಬಿಗಿದಿದ್ದ. ಎಮ್ಮೆ ಕೊಂಡವನು ಪಕ್ಕದ ಮನೆಯ ಕುಳ್ಳಯ್ಯ. ಸಬ್ಸಿಡಿ ಬಂದರೆ ಅದೇ ಬೆಲೆಗೆ ವಾಪಸು, ಬಾರದಿದ್ದರೆ ಎಮ್ಮೆ ಅವನದೇ ಎಂದು ಮಾತಾಗಿತ್ತು.

ಮಧ್ಯಾಹ್ನ ಕುಳ್ಳಯ್ಯನೇ ಬಂದು, "ನೀನೋಗಿ ಆಫೀಸರ್ನ ಕರ್ಕಬಾಣ್ಣ. ಚಕ್ರ ನಾ ನೋಡ್ಕತೀನಿ" ಎಂದ. ಇಂಥ ನೆರೆಯವನು ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡು ಅಂದಾನಯ್ಯ ಹೊರಟ.

ವಾಪಸು ಬರುವಾಗ ಬಸ್ಸು ತಪ್ಪಿತು. ಕಬ್ಬು ಇಳಿಸಿ ಬರುತ್ತಿದ್ದ ಟ್ರಾಕ್ಟರಿನಲ್ಲಿ ಕುಲುಕಿಸಿಕೊಂಡು ಬಂದ ಆಫೀಸರ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಊರು ಸೇರುವಾಗ ಕತ್ತಲು ಕವಿಯುತ್ತಿತ್ತು.

ದಿನವೂ ಬೆಲ್ಲದ ಪಾಕದ ಬಣ್ಣಕ್ಕೆ ಮಿಣುಕುತ್ತಿದ್ದ ಬಲ್ಬು ಇಂದು ಕೊಟ್ಟಿಗೆಯನ್ನು ಹಗಲು ಮಾಡಿಬಿಟ್ಟಿತ್ತು! ಅಂದಾನಯ್ಯನಿಗೇ ಬೆರಗು. ಆದರೂ ಎದೆ ಉಬ್ಬಿಸಿ, "ನೋಡಿ ಸ್ವಾಮಿ, ನಾಲೆ ನೀರಿನ ತಾಕತ್ತು! ಊರಿಗೂರೇ ಕತ್ತಲಾದ್ರೂ ನನ್ ಬಲ್ಬು ಆರಾಕಿಲ್ಲ!" ಎಂದ.

ಆಫೀಸರು ಪೆನ್ನಿನ ಮುಚ್ಚಳ ತೆಗೆದರು. ಅತ್ತ ಊರಿನ ರಾಗಿ ಮಿಲ್ಲು ಗಕ್ಕನೆ ನಿಂತಿತು. ಇತ್ತ ಬಲ್ಬೂ ಆರಿತು. ಕತ್ತಲಲ್ಲಿ ಚಕ್ರ ಮಾತ್ರ ಗರಗರ ತಿರುಗುತ್ತಲೇ ಇತ್ತು.

ಆಫೀಸರು ಬ್ಯಾಟರಿ ಬೆಳಕು ಬಿಟ್ಟು ವೈರಿನ ಜಾಡು ಹಿಡಿದರು. ಅದು ಡೈನಮೋ ಕಡೆ ಹೋಗಿರಲಿಲ್ಲ. ಸೂರು ದಾಟಿ ಬೀದಿ ಕಂಬದ ತಂತಿಗೆ ಕೊಕ್ಕೆ ಹಾಕಿಕೊಂಡಿತ್ತು.

"ಸರ್ಕಾರದ ಕರೆಂಟ್ ಕದ್ದು ಸರ್ಕಾರಕ್ಕೇ ತೋರಿಸ್ತೀರೇನ್ರೀ? ಕೇಸ್ ಹಾಕಿಸ್ಲಿಲ್ಲ ಅಂತ ಸಂತೋಷಪಡಿ!" ಅರ್ಜಿ ಹರಿದೆಸೆದು ಅವರು ನಡೆದೇ ಹೊರಟರು.

"ಏನ್ಲಾ ಇದು ಕುಳ್ಳಯ್ಯ?" ಅಂದಾನಯ್ಯ ಗುಡುಗಿದ.

"ನಿನ್ ಬಲ್ಬು ಮಿಣುಕ್ ಮಿಣುಕ್ ಅಂತಿತ್ತಲ್ಲಣ್ಣ. ಆಫೀಸರ್ ಮುಂದೆ ನಿನ್ ಮಾನ ಓಗ್ಬಾರ್ದು ಅಂತ ನಂದು ದೊಡ್ ಬಲ್ಬ್ ಹಾಕಿ ಕೊಕ್ಕೆ ಕೊಟ್ಟೆ." ಕುಳ್ಳಯ್ಯ ತನ್ನ ಬಲ್ಬು ಬಿಚ್ಚಿಕೊಂಡು, ಹಳೇ ಬಲ್ಬನ್ನು ಡೈನಮೋ ವೈರಿಗೆ ಸೇರಿಸಿದ. ಊರೆಲ್ಲ ಕತ್ತಲಲ್ಲಿದ್ದಾಗ ಅಂದಾನಯ್ಯನ ಕೊಟ್ಟಿಗೆಯೊಂದರಲ್ಲೇ ಬೆಳಕಾಯಿತು.

"ನೋಡು, ಎಷ್ಟ್ ಚೆಂದಾಗ್ ಉರೀತದೆ! ಬತ್ತೀನಣ್ಣ, ಎಮ್ಮೆ ಕರೆಯೋ ಹೊತ್ತಾಯ್ತು."

ಅದೇ ಬೆಳಕಿನಲ್ಲಿ ಲಕ್ಷ್ಮಿದೇವಮ್ಮ ಬಟ್ಟೆ ಗಂಟು ಕಟ್ಟಿ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ನಾಗಮಂಗಲದ ಬಸ್ಸಿಗೆ ಹೊರಟುಹೋದಳು. ತಿರುಗಿಯೂ ನೋಡಲಿಲ್ಲ.